ಮಾಕಂಡಿ ಬೇರು ಮತ್ತು ವೆರಾಪಮಿಲ್: ಅರ್ಧಕ್ಕೇ ನಿಂತ ಒಂದು ಓದು

ಮಾಕಂಡಿ ಬೇರಿನ ಸತ್ವ ರಕ್ತದೊತ್ತಡ ಇಳಿಸುತ್ತದೆ, ಆದ್ದರಿಂದ ಅದು ವೆರಾಪಮಿಲ್ ಎಂಬ ಔಷಧದ ಜಾತಿಯದು, ಜೀವಕೋಶಕ್ಕೆ ಕ್ಯಾಲ್ಸಿಯಂ ಬರುವ ಬಾಗಿಲು ಮುಚ್ಚುವ, ನಮ್ಮ ನಾಡಿನದೇ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಔಷಧಿ ಸಸ್ಯಗಳ ಬಗೆಗಿನ ಬರಹ, ಭಾಷಣಗಳಲ್ಲಿ ಈ ತರ್ಕ ಮತ್ತೆ ಮತ್ತೆ ಎದುರಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅದೇ ಗುಣವನ್ನು ಹಿತ್ತಲಿನ ಸಂಬಾರ ಸೊಪ್ಪಿಗೂ, ಅಂದರೆ ದೊಡ್ಡಪತ್ರೆಗೂ, ಹಚ್ಚುವವರಿದ್ದಾರೆ. ಎರಡೂ ಕೋಲಿಯಸ್ ಕುಲದವು ತಾನೆ ಎಂಬುದು ಅವರ ಸಮರ್ಥನೆ. ಎರಡು ಮಾತೂ ನಿಲ್ಲುವುದಿಲ್ಲ.

ಇದಕ್ಕೆ ಆಧಾರ ಹೊರಗಿನದೇನಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ದುಬೆ, ಶ್ರೀಮಲ್, ನಿತ್ಯಾನಂದ, ಧವನ್ 1981ರಲ್ಲಿ ಮಾಕಂಡಿ ಬೇರಿನ ಸತ್ವವಾದ ಕೋಲಿಯೊನಾಲ್ ಕುರಿತು ಪ್ರಕಟಿಸಿದ ಲೇಖನವಿದೆ. (ಹೆಕ್ಸ್ಟ್ ಔಷಧ ಕಂಪನಿಯ ಮುಂಬಯಿ ಕೇಂದ್ರದವರ ಫೋರ್ಸ್ಕೊಲಿನ್ ಮತ್ತು ಈ ಕೋಲಿಯೊನಾಲ್ ಒಂದೇ ವಸ್ತು ಎಂಬುದು 1985ರಲ್ಲಿ ಖಚಿತವಾಯಿತು.) ಬೆಕ್ಕು, ಇಲಿಗಳಲ್ಲಿ ರಕ್ತದೊತ್ತಡ ಇಳಿಯಿತು, ಕಾರಣ ರಕ್ತನಾಳದ ನುಣುಪು ಸ್ನಾಯು ಸಡಿಲಗೊಂಡದ್ದು ಎಂದು ಆ ಲೇಖನ ಹೇಳುತ್ತದೆ. ವೆರಾಪಮಿಲ್ ತರ್ಕ ಹೂಡುವವರ ಓದು ಇಲ್ಲಿಗೇ ನಿಂತಿದೆ. ಮುಂದಿನ ವಾಕ್ಯದಲ್ಲೇ ಸಣ್ಣ ಪ್ರಮಾಣದಲ್ಲಿ ಕೋಲಿಯೊನಾಲ್ ಹೃದಯದ ಸಂಕೋಚನ ಶಕ್ತಿಯನ್ನು ಹೆಚ್ಚಿಸಿತು ಎಂದಿದೆ: ಬೆಕ್ಕಿನ ದೇಹದೊಳಗೂ, ಹೊರತೆಗೆದ ಮೊಲದ ಹೃದಯದಲ್ಲೂ.

ಎದುರು ಪಕ್ಷದವರ ಗಟ್ಟಿ ವಾದವನ್ನೇ ತೆಗೆದುಕೊಳ್ಳೋಣ. ಒತ್ತಡ ದಿಢೀರನೆ ಕುಸಿದರೆ ನರಮಂಡಲ ಹೃದಯವನ್ನು ಹುರಿದುಂಬಿಸುತ್ತದೆ. ಕ್ಯಾಲ್ಸಿಯಂ ಬ್ಲಾಕರ್ ಆಗಿರುವ ನಿಫೆಡಿಪಿನ್ ಕೊಟ್ಟಾಗಲೂ ಎದೆಬಡಿತ ಏರುವುದು ಹೀಗೆಯೇ. ಹಾಗಾಗಿ ಬೆಕ್ಕಿನ ಸಾಕ್ಷ್ಯ ಒಂದೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮೊಲದ ಹೃದಯದ ಕಥೆ ಬೇರೆ. ದೇಹದಿಂದ ಬೇರ್ಪಟ್ಟು ದ್ರಾವಣದ ಆಸರೆಯಲ್ಲಿ ಬಡಿಯುವ ಆ ಹೃದಯಕ್ಕೆ ಮೆದುಳಿನ ನಂಟಿಲ್ಲ, ಕುಸಿಯುವ ರಕ್ತದೊತ್ತಡದ ಸುದ್ದಿ ಮುಟ್ಟಿಸುವವರಿಲ್ಲ. ಅಲ್ಲಿ ಶಕ್ತಿ ಹೆಚ್ಚಿದರೆ ಅದು ನೇರವಾಗಿ ಔಷಧದ ಕೆಲಸ. ವೆರಾಪಮಿಲ್ ಅಲ್ಲಿ ಮಾಡುವುದು ಇದಕ್ಕೆ ತದ್ವಿರುದ್ಧ: ಹೃದಯಸ್ನಾಯು ಸೊರಗುತ್ತದೆ. ಆ ಸೊರಗುವಿಕೆ ಕ್ಯಾಲ್ಸಿಯಂ ತೆಗೆದಾಗಿನ ಸ್ಥಿತಿಯಂತೆಯೇ ಇದೆ, ಕ್ಯಾಲ್ಸಿಯಂ ಸೇರಿಸಿದರೆ ಸರಿಹೋಗುತ್ತದೆ ಎಂದು ಜರ್ಮನಿಯ ಫ್ಲೆಕೆನ್‌ಸ್ಟೈನ್ 1960ರ ದಶಕದಲ್ಲೇ ತೋರಿಸಿದ್ದರು.

ಹಾಗಾದರೆ ರಕ್ತನಾಳ ಸಡಿಲವಾಗುವುದೇಕೆ? 1981ರಲ್ಲೇ ಉತ್ತರ ಸಿಕ್ಕಿತು. ಹೆಕ್ಸ್ಟ್‌ನ ಮೆಟ್ಸ್‌ಗರ್ ಮತ್ತು ಲಿಂಡ್ನರ್, ಅಮೆರಿಕದ ಸೀಮನ್, ಪ್ಯಾಜೆಟ್, ಡೇಲಿ ಫೋರ್ಸ್ಕೊಲಿನ್ ಅನ್ನು ಅಡಿನೈಲೇಟ್ ಸೈಕ್ಲೇಸ್ ಕಿಣ್ವದ ಪ್ರಚೋದಕವೆಂದು ಗುರುತಿಸಿದರು. ಕಿಣ್ವ ಚುರುಕಾದರೆ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಮಟ್ಟ ಏರುತ್ತದೆ. ನಾಳದ ಸ್ನಾಯುವಿನಲ್ಲಿ ಅದು ಬಿಗಿತ ಬಿಡಿಸುತ್ತದೆ. ಹೃದಯದಲ್ಲಾದರೋ ವೆರಾಪಮಿಲ್ ಮುಚ್ಚುವ ಅದೇ ಎಲ್-ಮಾದರಿಯ ಕ್ಯಾಲ್ಸಿಯಂ ಬಾಗಿಲನ್ನು ಇನ್ನಷ್ಟು ತೆರೆಸುತ್ತದೆ. ಒತ್ತಡಮಾಪಕದ ಅಂಕಿಯೊಂದನ್ನೇ ನೋಡಿ ಔಷಧದ ಕುಲಗೋತ್ರ ಹೇಳಲು ಹೊರಟವರಿಗೆ ಈ ಭೇದ ಕಾಣುವುದು ಸಾಧ್ಯವೇ ಇರಲಿಲ್ಲ.

ಇನ್ನು ಸಂಬಾರ ಸೊಪ್ಪು. ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿದ ತಂಬುಳಿಯ ರುಚಿಯ ಬಗ್ಗೆ ತಕರಾರಿಲ್ಲ. ಆದರೆ ಮುಂಬಯಿ ತಂಡ 1980ರಲ್ಲಿ ಕೋಲಿಯಸ್‌ನ ಇತರ ಪ್ರಭೇದಗಳನ್ನೂ ಅದರ ನೆಂಟ ಸಸ್ಯಗಳನ್ನೂ ಜಾಲಾಡಿದಾಗ ಫೋರ್ಸ್ಕೊಲಿನ್ ದೊರೆತದ್ದು ಮಾಕಂಡಿ ಬೇರಿನಲ್ಲಿ ಮಾತ್ರ. ಕುಲ ಒಂದಾದ ಮಾತ್ರಕ್ಕೆ ಸತ್ವ ಒಂದಾಗುವುದಿಲ್ಲ. ಬಿಪಿ ಮಾತ್ರೆ ಬಿಟ್ಟು ತಂಬುಳಿ ಉಣ್ಣಿರಿ ಎನ್ನುವವರು ಮುಂಬಯಿ ತಂಡದ ಆ ಲೇಖನವನ್ನಾದರೂ ಓದಬೇಕಿತ್ತು.

ಮತ್ತೆ ಮಾಕಂಡಿ ಬೇರಿಗೇ ಬರೋಣ. ಜಪಾನಿನಲ್ಲಿ 1999ರಲ್ಲಿ ಫೋರ್ಸ್ಕೊಲಿನ್‌ನ ನೀರಿನಲ್ಲಿ ಕರಗುವ ರೂಪವಾದ ಕೋಲ್ಫೋರ್ಸಿನ್ ಡರೋಪೇಟ್‌ಗೆ ಮಂಜೂರಾತಿ ಸಿಕ್ಕಿತು. ಅದನ್ನು ಬಳಸುವುದು ತೀವ್ರ ಹೃದಯ ವೈಫಲ್ಯಕ್ಕೆ. ಪಂಪಿನ ಶಕ್ತಿ ಕುಗ್ಗಿದ ಅಂಥ ಹೃದಯಕ್ಕೆ ವೆರಾಪಮಿಲ್ ಕೊಡಬಾರದೆಂಬುದು ವೈದ್ಯರ ಮೊದಲ ಎಚ್ಚರಿಕೆ.