ಕಾಣೆಯಾದ ವೈಮಾನಿಕನ ಚರಿತ್ರೆ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ

ಯುದ್ಧಕಾಲದಲ್ಲಿ ಶತ್ರುನೆಲೆಯ ಮೇಲೆ ದಾಳಿಗೆ ಹೋಗಿ ಹಿಂದಿರುಗದ ವೈಮಾನಿಕರ ವಿಷಯದಲ್ಲಿ ಸ್ವಪಕ್ಷದ ದಾಖಲೆಯು ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ವಿಮಾನ ಹೊರಟ ವೇಳೆ, ಅದರ ಗುರಿ, ಅದು ಮರಳಲಿಲ್ಲವೆಂಬ ಸಂಗತಿ - ಇಷ್ಟನ್ನು ಬರೆದು ‘ಕಾಣೆಯಾಗಿದ್ದಾರೆ’ ಎಂಬ ಮಾತಿನೊಂದಿಗೆ ಅದು ಮುಗಿಯುತ್ತದೆ. ಮುಂದಿನದು ತಿಳಿಯಬೇಕಾದರೆ ವಿಮಾನದ ಅವಶೇಷ ದೊರೆಯಬೇಕು. ಇಲ್ಲವೆ ಎದುರುಪಕ್ಷದ ಸಾಕ್ಷ್ಯ ದೊರೆಯಬೇಕು.

ಮೊದಲನೆಯದಕ್ಕೆ ಎರಡನೆಯ ಮಹಾಯುದ್ಧದ ಒಂದು ನಿದರ್ಶನವಿದೆ. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ ಹೊರಟ ಅಮೆರಿಕದ ಬಿ-24 ಬಾಂಬರ್ ವಿಮಾನವೊಂದು ಎಂಟು ಜನ ಸಿಬ್ಬಂದಿಯೊಂದಿಗೆ ಕಣ್ಮರೆಯಾಯಿತು. ಅದರ ಅವಶೇಷ ಅರುಣಾಚಲ ಪ್ರದೇಶದ ಬೆಟ್ಟಗಳಲ್ಲಿ ಪತ್ತೆಯಾದುದು 2006ರಲ್ಲಿ. ಎರಡನೆಯ ಬಗೆಗೆ ಕರ್ನಾಟಕದ ಚರಿತ್ರೆಯಲ್ಲಿಯೇ ಮಹತ್ವದ ನಿದರ್ಶನವೊಂದಿದ್ದು, ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕೊಡಗಿನ ಅಜ್ಜಮಾಡ ಮನೆತನದ ಬೋಪಯ್ಯ ದೇವಯ್ಯನವರು 1932ರಲ್ಲಿ ಜನಿಸಿ, 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಅವರು ಪಂಜಾಬಿನ ಆದಂಪುರದಲ್ಲಿದ್ದ 1ನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನವು ಪಠಾಣ್‌ಕೋಟ್ ಮೊದಲಾದ ಭಾರತೀಯ ವಾಯುನೆಲೆಗಳ ಮೇಲೆ ದಾಳಿ ಮಾಡಿತು. ಇದಕ್ಕೆ ಪ್ರತಿಯಾಗಿ ಮರುದಿನ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ನೇತೃತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಸರಗೋಧಾ ವಾಯುನೆಲೆಯತ್ತ ಹೊರಡಬೇಕೆಂದು ಯೋಜನೆಯಾಯಿತು. ಮಿಸ್ಟೇರ್ ಬಾಂಬು ಹೊರಬಲ್ಲ, ಒಬ್ಬನೇ ಚಾಲಕನಿರುವ ಯುದ್ಧವಿಮಾನ. ದೇವಯ್ಯನವರು ಈ ಹನ್ನೆರಡರಲ್ಲಿ ಇರಲಿಲ್ಲ; ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬಲು ನಿಯುಕ್ತರಾದ ಮೀಸಲು ವೈಮಾನಿಕರಾಗಿದ್ದರು. ಅಂತಹ ಸಂದರ್ಭ ಒದಗಿ ಅವರು ತಂಡವನ್ನು ಕೂಡಿಕೊಂಡರು, ಆದರೆ ಹಿಂದಿರುಗಲಿಲ್ಲ. ಅವರಿಗೇನಾಯಿತೆಂಬುದು ಸಂಗಡಿಗರಿಗೆ ತಿಳಿದುಬರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರಾಗಿ ಉಳಿದರು.

ಇದಾದ ಹದಿನಾಲ್ಕು ವರ್ಷಗಳ ತರುವಾಯ, 1979ರಲ್ಲಿ, ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ಮೂಲಗಳನ್ನು ಬಳಸಿ ಆ ಯುದ್ಧದ ವೈಮಾನಿಕ ಇತಿಹಾಸವನ್ನು ಪ್ರಕಟಿಸಿದರು. ಸರಗೋಧಾದಿಂದ ಹಿಂದಿರುಗುತ್ತಿದ್ದ ಮಿಸ್ಟೇರ್ ಒಂದನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಬೆನ್ನಟ್ಟಿ ಹೊಡೆಯಿತೆಂದೂ, ಪೆಟ್ಟುತಿಂದ ಮಿಸ್ಟೇರ್ ತಿರುಗಿ ಹೋರಾಡಿ ಸ್ಟಾರ್‌ಫೈಟರನ್ನೇ ಉರುಳಿಸಿತೆಂದೂ, ಅಮ್ಜದ್ ಧುಮುಕುಕೊಡೆಯಿಂದ ಪಾರಾದರೆಂದೂ ಅದರಿಂದ ತಿಳಿದುಬಂದಿತು. ಶಬ್ದದ ವೇಗಕ್ಕಿಂತ ಇಮ್ಮಡಿ ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರಿನ ಮುಂದೆ ಮಿಸ್ಟೇರ್ ಬಹಳ ಹಿಂದಿನ ವಿಮಾನವಾಗಿತ್ತೆಂಬುದು ಗಮನಾರ್ಹ.

ಆ ಮಿಸ್ಟೇರಿನ ಚಾಲಕ ಯಾರು? ಇಲ್ಲಿ ಎರಡು ದೇಶಗಳ ದಾಖಲೆಗಳನ್ನು ಕೂಡಿಸಿ ಓದುವುದು ಅನಿವಾರ್ಯವಾಗುತ್ತದೆ. ಕಾದಾಟ ನಡೆದ ಬಗೆ ಪಾಕಿಸ್ತಾನದ ಮೂಲದಲ್ಲಿತ್ತು. ಹೆಸರು ಭಾರತದ ದಾಖಲೆಯಲ್ಲಿತ್ತು. ಆ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ, ಅದು ದೇವಯ್ಯನವರದು. ತನೇಜಾ ಅವರು ಈ ವಿಷಯವನ್ನು ಅಧಿಕಾರಿಗಳ ಗಮನಕ್ಕೆ ತಂದರು. 1988ರಲ್ಲಿ, ಘಟನೆಯ ಇಪ್ಪತ್ತಮೂರು ವರ್ಷಗಳ ಅನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅದನ್ನು ಅವರ ಪತ್ನಿ ಸ್ವೀಕರಿಸಿದರು. ಮಡಿಕೇರಿಯ ಒಂದು ವೃತ್ತಕ್ಕೆ ಅವರ ಹೆಸರನ್ನಿಡಲಾಗಿದೆ.

ಈ ಪ್ರಕರಣದಿಂದ ಸಂಶೋಧಕರು ಗ್ರಹಿಸಬೇಕಾದ ಅಂಶವೊಂದಿದೆ. ಸಾಕ್ಷ್ಯವಿಲ್ಲದಿರುವುದು ಸಾಹಸವಿಲ್ಲದಿರುವುದಕ್ಕೆ ಪ್ರಮಾಣವಾಗದು. ಎದುರುಪಕ್ಷದ ಬರಹವನ್ನು ವಿಮರ್ಶಿಸಿ ಓದಬೇಕಾದುದು ಸರಿಯೇ. ಆದರೆ ತನ್ನ ವಿಮಾನ ಉರುಳಿತೆಂದು ಆ ಪಕ್ಷವೇ ಒಪ್ಪಿಕೊಂಡ ಮಾತಿಗೆ ತೂಕ ಹೆಚ್ಚು. ದೇವಯ್ಯನವರ ಕೊನೆಯ ಹೋರಾಟವನ್ನು ಕಂಡು ಉಳಿದವರು ಶತ್ರುಪಕ್ಷದವರು. ಅವರ ಕಥನವನ್ನು ಓದದೆ ಬಿಟ್ಟಿದ್ದರೆ ನಮ್ಮ ಇತಿಹಾಸದ ಈ ಪುಟ ‘ಕಾಣೆಯಾಗಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಉಳಿದುಬಿಡುತ್ತಿತ್ತು.