ಮಂದ ಬೆಳಕಿನ ಅಂಗಳ
ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಆಟಕ್ಕೂ ಸೂರು ಬೇಕು. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರೂ ಷಟಲ್ ಆಡಿ ಬೆಳೆದದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಸಭಾಂಗಣದಲ್ಲೇ.

ಒಳಾಂಗಣದ ಮಂದ ಬೆಳಕಿನಲ್ಲಿ ತೆಗೆದ ಚಿತ್ರ ಮಸುಕಾಗುತ್ತಿತ್ತು. ಏಕೆ? ಫಿಲಂ ಬೆಳಕು ಹೀರುವಷ್ಟರಲ್ಲಿ ಆಟಗಾರ ಸರಿದಿರುತ್ತಿದ್ದ. 1954ರಲ್ಲಿ 35 ಮಿ.ಮೀ. ಸುರುಳಿಯಾಗಿ ಬಂದ ಕೊಡಕ್ ಟ್ರೈ-ಎಕ್ಸ್ ಫಿಲಂನ ವೇಗ ಈಗಿನ ಲೆಕ್ಕದಲ್ಲಿ 400. 2007ರ ಡಿಜಿಟಲ್ ಕ್ಯಾಮೆರಾ ನಿಕಾನ್ ಡಿ3ರದ್ದು 6400, ಅಂದರೆ 16 ಪಟ್ಟು. ಸೆಕೆಂಡಿನ 30ರಲ್ಲೊಂದು ಭಾಗ ಬೇಕಿದ್ದಲ್ಲಿ ಸುಮಾರು 500ರಲ್ಲೊಂದು ಭಾಗ ಸಾಕಾಯಿತು.

ಫ್ಲಾಷ್ ಬೇಡ, ಅದು ಆಡುವವರ ಕಣ್ಣು ಕುಕ್ಕುತ್ತದೆ. ನೆಗೆತದ ತುದಿಯಲ್ಲಿ ದೇಹ ಕ್ಷಣ ನಿಂತಂತಾಗುತ್ತದೆ. ಆಗ ಗುಂಡಿ ಒತ್ತಿರಿ. ಫಿಲಂ ಕಾಲದ ಆ ಜಾಣ್ಮೆ ಹೊಸ ಕ್ಯಾಮೆರಾಕ್ಕೂ ಬೇಕು.