ಹೆಲ್ಮೆಟ್ ಕೆಳಗಿನ ಕ್ರಾಪು

ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ವಿಜಯನಗರ, ಬಸವೇಶ್ವರನಗರಗಳ ದರ್ಶಿನಿಗಳ ಮುಂದೆ ಸೈಕಲ್ ಸವಾರರ ಗುಂಪುಗಳು ಕಾಣುತ್ತವೆ. ಕೆಂಗೇರಿಯ ಆಚೆಗೊಂದು ಸುತ್ತು ಹೋಗಿ ಬಂದವರು. ಇಡ್ಲಿ ತಟ್ಟೆಗೆ ಕೈಹಾಕುವ ಮೊದಲು ಅವರು ಹೆಲ್ಮೆಟ್ ಬಿಚ್ಚುತ್ತಾರಲ್ಲ, ಆ ಗಳಿಗೆಯನ್ನು ನೋಡಬೇಕು. ನೆತ್ತಿಯ ಕೂದಲು ಒದ್ದೆ ಹುಲ್ಲಿನಂತೆ ಮಲಗಿರುತ್ತದೆ. ಗಾಳಿಗೆಂದು ಬಿಟ್ಟ ಕಿಂಡಿಗಳಿದ್ದ ಕಡೆ ಮಾತ್ರ ಸಾಲುಸಾಲಾಗಿ ಎದ್ದು ನಿಂತು, ಆಗಷ್ಟೇ ಕುಂಟೆ ಹೊಡೆದ ರಾಗಿ ಹೊಲವನ್ನು ನೆನಪಿಸುತ್ತದೆ. ಕಿವಿಯ ಮೇಲೆ, ಹೆಲ್ಮೆಟ್‌ನ ಅಂಚು ಮುಗಿಯುವಲ್ಲಿ, ಎರಡು ಪೊದೆ. ಹಣೆಯ ಸುತ್ತ ಸಿಂಬೆ ಇಟ್ಟು ತೆಗೆದಂಥ ಗುರುತು. ಬ್ಯಾಂಕ್ ಮ್ಯಾನೇಜರರೇ ಇರಲಿ, ಎಂಜಿನಿಯರೇ ಇರಲಿ, ಆ ಐದು ನಿಮಿಷ ಎಲ್ಲರೂ ಈಗತಾನೆ ಹಾಸಿಗೆಯಿಂದ ಎಬ್ಬಿಸಿ ತಂದ ಹುಡುಗರಂತೆ ಕಾಣುತ್ತಾರೆ.

ನಗುವ ವಿಷಯವೇ. ಆದರೆ ಈ ನಗೆಗೆ ಅಂಜಿ ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವವರೂ ನಮ್ಮ ರಸ್ತೆಗಳಲ್ಲಿ ಇದ್ದಾರೆ. ಆದ್ದರಿಂದ ಇದರ ಹಿನ್ನೆಲೆಯನ್ನು ಸ್ವಲ್ಪ ಗಂಭೀರವಾಗಿಯೇ ನೋಡಬಹುದು.

ಮೊದಲು ಕೂದಲಿನ ಸಂಗತಿ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಈ ಪ್ರೋಟೀನಿನ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ದುರ್ಬಲ. ನೀರು ತಾಗಿದರೆ ಅವು ಬಿಟ್ಟುಕೊಳ್ಳುತ್ತವೆ, ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿತ್ತೋ ಅದೇ ಭಂಗಿ ನಿಲ್ಲುತ್ತದೆ. ಬ್ಯೂಟಿ ಪಾರ್ಲರಿನಲ್ಲಿ ಒದ್ದೆ ಕೂದಲನ್ನು ರೋಲರಿಗೆ ಸುತ್ತಿ ಒಣಗಿಸುವುದು ಇದೇ ತತ್ವದ ಮೇಲೆ. ಹೆಲ್ಮೆಟ್ ಒಳಗೆ ನೀರಿನ ಕೆಲಸವನ್ನು ಬೆವರು, ಡ್ರೈಯರಿನ ಕೆಲಸವನ್ನು ತಲೆಯ ಶಾಖ, ರೋಲರಿನ ಕೆಲಸವನ್ನು ಸ್ಪಂಜಿನ ಪಟ್ಟಿಗಳು ಮಾಡುತ್ತವೆ. ಹಣ ಕೊಡದೆ ಮಾಡಿಸಿಕೊಂಡ ಕೇಶವಿನ್ಯಾಸ ಎನ್ನಬಹುದು. ಬರಿಯ ಬಾಚಣಿಗೆಗೆ ಅದು ಬಗ್ಗದಿರುವುದೂ, ಒಂದು ಬೊಗಸೆ ನೀರಿಗೆ ಮಾಯವಾಗುವುದೂ ಇದೇ ಕಾರಣಕ್ಕೆ.

ತಲೆಯ ಮೇಲೆ ಏನನ್ನಾದರೂ ಹೊತ್ತು ಓಡಾಡುವುದು ನಮಗೆ ಹೊಸತೇನಲ್ಲ. ಮೈಸೂರು ಸಂಸ್ಥಾನದ ಕಾಲದ ಯಾವುದೇ ಗುಂಪುಚಿತ್ರವನ್ನು ನೋಡಿ: ಅಧಿಕಾರಿಗಳು, ಮೇಷ್ಟರುಗಳು, ವಕೀಲರು, ಸಾಲಾಗಿ ಪೇಟಗಳು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಕಲ್ಪಿಸಿಕೊಳ್ಳುವುದೇ ಕಷ್ಟ. ರೈತನಿಗೆ ರುಮಾಲು, ಕೂಲಿಯವನಿಗೆ ಸುತ್ತಿದ ಟವೆಲು. ಬರಿದಲೆಯಲ್ಲಿ ಸಭೆಗೆ ಹೋಗುವುದು ಮರ್ಯಾದೆಯಾಗಿರಲಿಲ್ಲ. ಪೇಟ ತೆಗೆದಾಗ ಕೂದಲು ಹೇಗೆ ಕಾಣುತ್ತದೆಂಬ ಚಿಂತೆ ಆ ಕಾಲದವರಿಗೆ ಇದ್ದಿರಲಾರದು. ಸಂಪ್ರದಾಯಸ್ಥರ ಮನೆಗಳಲ್ಲಿ ಮುಂದಲೆಯನ್ನು ಕ್ಷೌರ ಮಾಡಿಸಿ ಹಿಂದೆ ಜುಟ್ಟು ಬಿಡುತ್ತಿದ್ದರು. ಪೇಟ ಕೂರುವುದು ಬೋಳು ಜಾಗದ ಮೇಲೆ, ಜುಟ್ಟು ಗಂಟಾಗಿ ಹಿಂದೆ. ಕೆಡುವುದಕ್ಕೆ ಅಲ್ಲಿ ಏನಿತ್ತು?

ಕೆಡುವಂಥದ್ದು ಹುಟ್ಟಿದ್ದು ಕ್ರಾಪಿನ ಜೊತೆಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲಿಷ್ ಓದಲು ಹೋದ ಹುಡುಗರು ಜುಟ್ಟು ಕತ್ತರಿಸಿ ಕ್ರಾಪು ಬಿಟ್ಟು ಮನೆಗೆ ಬಂದಾಗ ಎಷ್ಟೋ ಕಡೆ ಹಿರಿಯರು ರಂಪ ಮಾಡಿದರು. ಕ್ರಾಪು ಗೆದ್ದಿತು. ಅದರ ಹಿಂದೆಯೇ ಪೇಟ ದಿನನಿತ್ಯದ ಉಡುಪಿನಿಂದ ಮದುವೆ, ಸನ್ಮಾನಗಳಿಗೆ ಸರಿಯಿತು. ರಾಜಾಜಿಯವರ ಹೆಸರು ಹೊತ್ತ ರಾಜಾಜಿನಗರ ಕೈಗಾರಿಕಾ ಬಡಾವಣೆಯಾಗಿ ಬೆಳೆದದ್ದು ಸ್ವಾತಂತ್ರ್ಯದ ನಂತರದ ಈ ಬರಿದಲೆಯ ಕಾಲದಲ್ಲಿ. ವಿಜಯನಗರ, ಬಸವೇಶ್ವರನಗರಗಳು ಅದಕ್ಕಿಂತ ಈಚಿನವು. ಕಾರ್ಖಾನೆಗೆ ಸೈಕಲ್ ತುಳಿದವರ ತಲೆಯ ಮೇಲೆ ಇದ್ದದ್ದು ಕೊಬ್ಬರಿ ಎಣ್ಣೆ, ಜೇಬಿನಲ್ಲಿ ಇದ್ದದ್ದು ಬಾಚಣಿಗೆ. ಕ್ಷೌರದಂಗಡಿಯ ಗೋಡೆಯ ಮೇಲೆ ಸಿನಿಮಾ ನಾಯಕರ ಚಿತ್ರ. ಪೇಟ ಹೋಗಿ ಹೆಲ್ಮೆಟ್ ಬರುವವರೆಗಿನ ಸುಮಾರು ಅರ್ಧ ಶತಮಾನದಲ್ಲಿ ಗಂಡಸಿನ ಕೂದಲು ಬೀದಿಯಲ್ಲಿ ಪ್ರದರ್ಶನಕ್ಕೆ ನಿಂತಿತು. ನಮ್ಮ ತಲೆಗೂದಲ ಅಭಿಮಾನವೆಲ್ಲ ಈ ನಡುಗಾಲದ ಗಳಿಕೆಯೆಂದೇ ನನ್ನ ಎಣಿಕೆ.

ಹೆಲ್ಮೆಟ್ ಬಂದ ದಾರಿ ಬೇರೆ. 1935ರ ಮೇ ತಿಂಗಳಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಕ್ಕಿ, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕನೂ ಒಬ್ಬ. ಆಮೇಲೆ ಯುದ್ಧಕಾಲದಲ್ಲಿ ಸೈನ್ಯದ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಕೇರ್ನ್ಸ್ ಬರೆದ ಲೇಖನ ಹೆಲ್ಮೆಟ್ಟಿನ ಉಪಯೋಗವನ್ನು ತೋರಿಸಿಕೊಟ್ಟಿತು. ಅದೇ ವರ್ಷ ಬ್ರಿಟಿಷ್ ಸೈನ್ಯ ಅದನ್ನು ಕಡ್ಡಾಯ ಮಾಡಿತು. ಮುಂದೆ 2008ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೋಟಾರ್ ಸೈಕಲ್ ಸವಾರರಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ 69ರಷ್ಟು ತಗ್ಗಿಸುತ್ತದೆಂದು ಕಂಡುಬಂತು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ವಿಧಿಯೇ ಹೆಲ್ಮೆಟ್ ಧರಿಸಬೇಕೆಂದು ಹೇಳಿತ್ತು, ಪೇಟ ಕಟ್ಟುವ ಸಿಖ್ಖರಿಗೆ ವಿನಾಯಿತಿ ಕೊಟ್ಟು. ಬೆಂಗಳೂರಿನ ಸವಾರನಿಗೆ ಅದರ ಬಿಸಿ ನಿಜವಾಗಿ ಮುಟ್ಟಿದ್ದು 2006ರ ಕೊನೆಯಲ್ಲಿ. ಕೂದಲು ಉದುರುತ್ತದೆ, ಸೆಕೆ, ಕತ್ತು ನೋವು ಎಂಬ ದೂರುಗಳು ಆಗ ಸಾಮಾನ್ಯವಾದವು. 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯವಾದಾಗ ಪ್ರಶ್ನೆ ಹೆಂಗಸರ ತಲೆಗೆ ಬಂತು. ಗಂಡಸರ ಕೂದಲು ಐವತ್ತು ವರ್ಷದಿಂದ ಪ್ರದರ್ಶನದಲ್ಲಿದ್ದರೆ ಇವರ ಜಡೆ, ತುರುಬು, ಮಲ್ಲಿಗೆ ದಂಡೆಗಳು ಎಂದಿನಿಂದಲೂ ಇದ್ದಂಥವು. ಮದುವೆಗೆ ಹೊರಟವರು ಮುಡಿದ ಹೂವಿನ ಮೇಲೆ ಹೆಲ್ಮೆಟ್ ಹಾಕುವುದು ಹೇಗೆ? ಇದನ್ನು ಶೋಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಎತ್ತರದ ತುರುಬು ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಹಣೆಯನ್ನು ಬಯಲಿಗೆ ಬಿಡುತ್ತದೆ. ಅಂಟಿಕೊಂಡಂತೆ ಕೂತರೆ ಮಾತ್ರ ಅದು ಹೆಲ್ಮೆಟ್. ಕೂದಲು ಕೆಡದಂತೆ ಸಡಿಲವಾಗಿ ಇಟ್ಟುಕೊಂಡರೆ ಬಿದ್ದಾಗ ಅದು ಒಂದು ಕಡೆ, ತಲೆ ಒಂದು ಕಡೆ.

ಸೈಕಲ್ಲಿಗೆ ನಮ್ಮ ದೇಶದ ಕಾನೂನು ಹೆಲ್ಮೆಟ್ ಹೇಳಿಲ್ಲ. ಹಾಕುವವರು ತಾವಾಗಿ ಹಾಕುತ್ತಾರೆ. ಹಿಂದೆ ಪಂದ್ಯದ ಸವಾರರು ತಲೆಗೆ ಕಟ್ಟುತ್ತಿದ್ದದ್ದು ಮೆತ್ತೆ ತುಂಬಿದ ಚರ್ಮದ ಪಟ್ಟಿಗಳ ಒಂದು ಬಲೆ. ಅದಕ್ಕೆ ಇಂಗ್ಲಿಷಿನಲ್ಲಿ ಬಂದ ಅಡ್ಡಹೆಸರೇ ‘ಹೇರ್‌ನೆಟ್’, ಅಂದರೆ ಕೂದಲ ಬಲೆ. ಕೂದಲನ್ನು ಹಿಡಿಯುತ್ತಿತ್ತೇ ಹೊರತು ತಲೆಬುರುಡೆಯನ್ನು ಹೆಚ್ಚು ಕಾಯುತ್ತಿರಲಿಲ್ಲ. ಥರ್ಮೋಕೋಲಿನಂಥ ಪಾಲಿಸ್ಟೈರೀನ್ ತುಂಬಿದ ಹೆಲ್ಮೆಟ್ಟನ್ನು ಅಮೆರಿಕದ ಬೆಲ್ ಕಂಪನಿ 1975ರಲ್ಲಿ ಮಾರುಕಟ್ಟೆಗೆ ತಂದಿತು: ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುವ ವಸ್ತು ಅದು. ವೃತ್ತಿ ಸವಾರರು ಸುಲಭಕ್ಕೆ ಒಪ್ಪಲಿಲ್ಲ. 1989ರ ಟೂರ್ ಡಿ ಫ್ರಾನ್ಸ್ ಪಂದ್ಯದ ಕೊನೆಯ ದಿನ ಫ್ರಾನ್ಸಿನ ಲೊರಾನ್ ಫಿನ್ಯೋಂ ಬರಿದಲೆಯಲ್ಲಿ, ಕೂದಲಿನ ಕುಚ್ಚನ್ನು ಗಾಳಿಗೆ ಹಾರಬಿಟ್ಟು ತುಳಿದ. ಅಮೆರಿಕದ ಗ್ರೆಗ್ ಲೆಮಾಂಡ್ ಗಾಳಿಯನ್ನು ಸೀಳುವ ಉದ್ದಬಾಲದ ಹೆಲ್ಮೆಟ್ ಹಾಕಿದ್ದ. ಮೂರು ವಾರಗಳ ಪಂದ್ಯ ತೀರ್ಮಾನವಾದದ್ದು 8 ಸೆಕೆಂಡಿನ ಅಂತರದಲ್ಲಿ; ಗೆದ್ದವನು ಲೆಮಾಂಡ್. ಅವನ ಹ್ಯಾಂಡಲ್ಲಿನ ವಿನ್ಯಾಸಕ್ಕೂ ಇದರಲ್ಲಿ ದೊಡ್ಡ ಪಾಲಿದೆ, ಆದರೆ ಜನ ಇಂದಿಗೂ ಫಿನ್ಯೋಂನ ಜುಟ್ಟನ್ನೇ ದೂರುತ್ತಾರೆ. 2003ರ ಮಾರ್ಚಿನಲ್ಲಿ ಕಝಕಸ್ತಾನದ ಆಂದ್ರೆ ಕಿವಿಲೆವ್ ಪಂದ್ಯದ ನಡುವೆ ಬಿದ್ದು ತೀರಿಕೊಂಡ. ಹೆಲ್ಮೆಟ್ ಇರಲಿಲ್ಲ. ಅದೇ ವರ್ಷ ನಿಯಮ ಬಂತು.

ಕೂದಲನ್ನೂ ಉಳಿಸಿ ತಲೆಯನ್ನೂ ಉಳಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಸ್ವೀಡನ್ನಿನ ಆನಾ ಹಾಪ್ಟ್, ತೆರೆಸ್ ಆಲ್ಸ್ಟಿನ್ ಎಂಬಿಬ್ಬರು ಹೆಣ್ಣುಮಕ್ಕಳು ವಿದ್ಯಾರ್ಥಿ ದೆಸೆಯಲ್ಲಿ ಶುರುಮಾಡಿದ ಯೋಜನೆಯಿಂದ ಕತ್ತಿಗೆ ಸುತ್ತಿಕೊಳ್ಳುವ ಒಂದು ಪಟ್ಟಿ ಹುಟ್ಟಿತು: ಬೀಳುವ ಕ್ಷಣದಲ್ಲಿ ಅದರೊಳಗಿನ ಗಾಳಿಚೀಲ ಉಬ್ಬಿ ತಲೆಯನ್ನು ಮುಚ್ಚುತ್ತದೆ. ‘ಹೊವ್ಡಿಂಗ್’ ಎಂಬ ಹೆಸರಿನಲ್ಲಿ 2011ರಿಂದ ಮಾರಾಟವಾಯಿತು. 2023ರ ಕೊನೆಯಲ್ಲಿ ಆ ಕಂಪನಿ ದಿವಾಳಿಯೆದ್ದಿತು.

ಇಲ್ಲಿಯ ಸವಾರರು ಕಂಡುಕೊಂಡ ಉಪಾಯ ಅಗ್ಗದ್ದು. ಹೆಲ್ಮೆಟ್ ಒಳಗೆ ತಲೆಗೆ ಒಂದು ತೆಳು ಹತ್ತಿ ಬಟ್ಟೆ ಸುತ್ತಿಕೊಳ್ಳುತ್ತಾರೆ. ಹಿಂಬದಿಯ ಹುಡುಗಿಯರು ದುಪ್ಪಟ್ಟಾ ಕಟ್ಟುತ್ತಾರೆ, ಜಡೆಯನ್ನು ಕುತ್ತಿಗೆಯ ಬಳಿ ತಗ್ಗಾಗಿ ಹೆಣೆಯುತ್ತಾರೆ. ಬೆವರನ್ನು ಬಟ್ಟೆ ಹೀರುತ್ತದೆ, ಕೂದಲಿಗೆ ರೋಲರಿನ ಅಚ್ಚು ಅಷ್ಟಾಗಿ ಬೀಳುವುದಿಲ್ಲ. ಬಟ್ಟೆ ದಪ್ಪವಾಗಿರಬಾರದು, ಗಂಟು ಇರಬಾರದು, ಕಟ್ಟಿದ ಮೇಲೆ ಗಲ್ಲದ ಪಟ್ಟಿಯನ್ನು ಮತ್ತೆ ಬಿಗಿಮಾಡಬೇಕು. ಉಳಿದದ್ದಕ್ಕೆ ದರ್ಶಿನಿಯ ಕೈತೊಳೆಯುವ ನಲ್ಲಿ ಇದ್ದೇ ಇದೆ.